ಮಗ್ರಿಬ್‌ನಿಂದ ಇಶಾದವರೆಗೆ

ಮೊಬೈಲ್ ಫೋನ್ ಹಲಾಲೋ ಹರಾಮೋ ಎಂದು ಕೇಳುವವರು ಈಗಲೂ ಇದ್ದಾರೆ. ಇಂತಹ ಪ್ರಶ್ನೆ ನಮ್ಮ ಉಲಮಾಗಳಿಗೆ ಹೊಸದಲ್ಲ. ಧ್ವನಿವರ್ಧಕ ಬಂದ ಕಾಲದಲ್ಲಿ ಅದನ್ನು ನಮಾಝ್‌ನಲ್ಲಿ ಬಳಸಬಹುದೇ ಎಂದು ದೀರ್ಘ ಚರ್ಚೆಯೇ ನಡೆದಿತ್ತು. ಇಂದು ಧ್ವನಿವರ್ಧಕ ಇಲ್ಲದ ಮಸೀದಿಯನ್ನು ಹುಡುಕಬೇಕು. ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ: ಫೋನು ಯಾವ ಹೊತ್ತಿನಲ್ಲಿ ಕೈಯಲ್ಲಿರಬೇಕು?

ಪವಿತ್ರ ಕುರ್‌ಆನ್‌ನ ಸೂರಃ ಅಲ್ ಜುಮುಅಃದ ಕೊನೆಯ ಸೂಕ್ತಗಳ ಹಿನ್ನೆಲೆ ಓದುಗರಿಗೆ ತಿಳಿದಿರಬಹುದು. ಪ್ರವಾದಿ(ಸ)ರು ಖುತ್ಬಾ ನೀಡುತ್ತಿದ್ದಾಗ ಮದೀನಕ್ಕೆ ವ್ಯಾಪಾರದ ತಂಡವೊಂದು ಬಂತು. ಜನ ಎದ್ದು ಅತ್ತ ಹೋದರು. ಉಳಿದವರು ಕೇವಲ 12 ಮಂದಿ ಎಂದು ಹದೀಸ್‌ನಲ್ಲಿದೆ. ಹಾಗೆಂದು ವ್ಯಾಪಾರವನ್ನು ಅಲ್ಲಾಹನು ನಿಷೇಧಿಸಲಿಲ್ಲ. ಕರೆ ಕೇಳಿದಾಗ ಅದನ್ನು ಬಿಟ್ಟು ಬನ್ನಿ, ನಮಾಝ್ ಮುಗಿದ ಮೇಲೆ ಹೋಗಿ ಜೀವನೋಪಾಯ ಅರಸಿರಿ ಎಂಬುದು ಅಲ್ಲಿಯ ಆದೇಶದ ತಾತ್ಪರ್ಯ. ಬಿಡುವ ಹೊತ್ತೂ ಇದೆ, ಹಿಡಿಯುವ ಹೊತ್ತೂ ಇದೆ.

ನಮ್ಮ ಬಾಗಲಗುಂಟೆಯಂತಹ ಕಡೆ ಫೋನನ್ನು ಪೂರ್ತಿ ಬಿಡಿ ಎಂದು ಉಪದೇಶ ಮಾಡಿದರೆ ಯಾರೂ ಕೇಳಲಾರರು, ಕೇಳಬೇಕಾಗಿಯೂ ಇಲ್ಲ. ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವ ತಾಯಿಗೆ, ಮಗು ಶಾಲೆಯಿಂದ ಬಂದು ಊಟ ಮಾಡಿತೇ ಎಂದು ತಿಳಿಯಲು ಇರುವುದು ಅದೊಂದೇ. ಶಿಫ್ಟ್ ಬದಲಾದ ಸುದ್ದಿ ವಾಟ್ಸಾಪ್‌ನಲ್ಲೇ ಬರುತ್ತದೆ. ತರಕಾರಿ ಗಾಡಿಯವರೂ ಫೋನ್‌ಪೇ ಕೇಳುತ್ತಾರೆ. ಆದರೆ ಅದೇ ತಾಯಿ ಸಂಜೆ ಮನೆಗೆ ಬಂದು, ಅಬ್ಬಾ ಕೂಡ ಬಂದು, ಇಬ್ಬರೂ ಒಂದೊಂದು ಮೂಲೆಯಲ್ಲಿ ರೀಲ್ಸ್ ನೋಡುತ್ತಾ ಕುಳಿತರೆ, ಅಂದಿನ ಸಬಕನ್ನು ಒಪ್ಪಿಸಲು ಬಂದ ಮಗು ಯಾರಿಗೆ ಒಪ್ಪಿಸಬೇಕು? "ದಾದಿಗೆ ಕೇಳಿಸು ಹೋಗು" ಎನ್ನುತ್ತೇವೆ. ದಾದಿಯ ಕೈಯಲ್ಲೂ ಈಗ ಫೋನಿದೆ! ಮಕ್ಕಳು ಮೊಬೈಲ್ ಬಿಡುವುದಿಲ್ಲ ಎಂದು ಮದ್ರಸಾಕ್ಕೆ ಬಂದು ದೂರುವ ಪೋಷಕರು ಇದನ್ನು ಸ್ವಲ್ಪ ಯೋಚಿಸಬೇಕು.

ಮಹಾರಾಷ್ಟ್ರದ ಸಾಂಗ್ಲಿ ನಮ್ಮ ಗಡಿಗೆ ತಾಗಿದ ಜಿಲ್ಲೆ. ಅಲ್ಲಿಯ ವಡಗಾಂವ್ ಎಂಬ ಹಳ್ಳಿ 2022ರಲ್ಲಿ ಒಂದು ತೀರ್ಮಾನ ಮಾಡಿತು. ಸಂಜೆ 7 ಗಂಟೆಗೆ ದೇವಸ್ಥಾನದಿಂದ ಸೈರನ್ ಮೊಳಗುತ್ತದೆ. ಟಿವಿ, ಮೊಬೈಲ್ ಎಲ್ಲ ಬಂದ್. ಒಂದೂವರೆ ಗಂಟೆಯ ಬಳಿಕ ಮತ್ತೆ ಸೈರನ್. ಕೊರೋನಾ ಕಾಲದ ಆನ್‌ಲೈನ್ ಪಾಠದ ನಂತರ ಮಕ್ಕಳು ಫೋನ್ ಬಿಡದೆ ಹೋದದ್ದೇ ಇದಕ್ಕೆ ಕಾರಣ. ನಮ್ಮದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಗೀಳಿಗೆ ಪ್ರತ್ಯೇಕ ಚಿಕಿತ್ಸಾಲಯ ತೆರೆದಿದೆ. ಆಸ್ಪತ್ರೆಯವರೆಗೆ ಹೋಗುವ ಮುನ್ನವೇ ಎಚ್ಚರಗೊಂಡ ಆ ಹಳ್ಳಿಯವರನ್ನು ಮೆಚ್ಚಬೇಕು.

ನಮಗೆ ಸೈರನ್ ಹೊಸದಾಗಿ ಬೇಕಿಲ್ಲ. ಮಗ್ರಿಬ್‌ನ ಅಝಾನ್ ಆಗುತ್ತದೆ, ಸುಮಾರು ಒಂದೂಕಾಲು ಗಂಟೆಯಲ್ಲಿ ಇಶಾದ ವೇಳೆ ಬರುತ್ತದೆ. ಇವೆರಡರ ನಡುವೆ ಮನೆಯ ಎಲ್ಲ ಫೋನುಗಳೂ ಕಪಾಟಿನ ಮೇಲಿರಲಿ, ಅಬ್ಬಾನದ್ದು ಮೊದಲು. ಸದ್ದು ಮಾತ್ರ ಆರಿಸಬೇಡಿ; ಊರಲ್ಲಿ ಕಾಯಿಲೆಯವರಿದ್ದರೆ ಕರೆ ಬರಬೇಕಲ್ಲ. ರಾತ್ರಿ ಪಾಳಿಯವರು ತಮಗೆ ಹೊಂದುವ ಬೇರೆ ಹೊತ್ತನ್ನು ಆರಿಸಿಕೊಳ್ಳಲಿ. ಮಗುವಿನ ಸಬಕ್ ಕೇಳಿ, ಶಾಲೆಯ ಪುಸ್ತಕ ತೆರೆಸಿ, ಒಟ್ಟಿಗೆ ಊಟ ಮಾಡುವಷ್ಟರಲ್ಲಿ ಇಶಾ ಆಗಿಬಿಡುತ್ತದೆ. ಮಗ ಸೌದಿಯಲ್ಲಿದ್ದರೆ ಅವನಿಗೆ ವೀಡಿಯೋ ಕರೆ ಮಾಡಲು ಇಶಾದ ನಂತರವೇ ಅನುಕೂಲ. ಇಲ್ಲಿ ರಾತ್ರಿ 8 ಆದಾಗ ಅಲ್ಲಿ ಸಂಜೆ ಐದೂವರೆ.