ಅವರದು ದಿನಚರಿ, ನಮ್ಮದು ದಿನಾಚರಣೆ



ಪೋಸ್ಟ್ ಸ್ವಲ್ಪ ಉದ್ದ ಐತಿ, ಪೂರ್ತಿ ಓದ್ರಿ.

ಹೋದ ವಾರ ಅಕ್ಕನ ಮನಿಗೆ ಹೋಗಿದ್ದೆ. ನಸುಕಿನ್ಯಾಗ ಎಚ್ಚರಾತು. ಅಕ್ಕ ಹಿತ್ತಲದಾಗ ಕೂತು ಲಿಂಬಿಹಣ್ಣು ಹೆಚ್ಚಿ, ಕುಂಕುಮ ಹಚ್ಚಿ, ಉಪ್ಪು-ಮೆಣಸಿನಕಾಯಿ ಬೆಂಕಿಗೆ ಹಾಕಾಕತ್ತಿದ್ಲು. 'ಏನಕ್ಕಾ ಇದು?' ಅಂದೆ. ಬಾಯಿ ಬಿಡಲಿಲ್ಲ. ಮುಗಿಯೂತನಕ ಮಾತಾಡಬಾರದಂತ. ಆಮೇಲೆ ಹೇಳಿದ್ಲು: ಮಗನಿಗೆ ಕೆಲಸ ಸಿಗವಲ್ದು, ಯಾರೋ ಮಾಟ ಮಾಡಿಸ್ಯಾರ ಅಂತ ಫೋನಿನಾಗ ಒಬ್ಬ ಸ್ವಾಮಿ ಹೇಳ್ಯಾನ. 48 ದಿನ ದಿನಾ ಮಾಡಬೇಕು. ಒಂದು ದಿನ ತಪ್ಪಿದ್ರ ಮತ್ತ ಮೊದಲಿಂದ. ಇದಕ್ಕ ಆರು ಸಾವಿರ ರೂಪಾಯಿ ಕೊಟ್ಟಾಳ, ಕೂಲಿ ರೊಕ್ಕ.

ರೊಕ್ಕ ಹೋಗಲಿ. ಉಪ್ಪು ಬೆಂಕಿಗೆ ಹಾಕುವಾಗ ವೈರಿಯ ಹೆಸರು ಹೇಳಬೇಕಂತ. ಯಾರ ಹೆಸರು ಹೇಳ್ತಿ ಅಂತ ಕೇಳಿದೆ. ಎರಡು ಮನಿ ಆಚೆ ಇರೋ ವಿಧವೆ ಮುದುಕಿ ಹೆಸರು ಹೇಳಿದ್ಲು. ಅಕಿನೂ ನಮ್ಮಾಕಿನ, ನಮ್ಮ ಕೇರಿಯಾಕಿನ.

ಇದು ಮಾಟ ತೆಗೆಯೋದಲ್ಲ ಬಂಧುಗಳೇ, ದಿನಾ ಮಾಟ ಮಾಡೋದನ್ನ ಕಲಿಸೋದು. ಮೊದಲನೇ ದಿನ ಅನುಮಾನ. ಹತ್ತನೇ ದಿನ ನಂಬಿಕೆ. 48ನೇ ದಿನಕ್ಕೆ ಆ ಮುದುಕಿ ಮಾಟಗಾತಿ ಅನ್ನೋದು ತೀರ್ಪು. ಅಷ್ಟರಾಗ ಹುಡುಗನಿಗೆ ಕೆಲಸ ಸಿಗಲಿಲ್ಲ ಅಂದ್ರ ಸ್ವಾಮಿ ಸುಳ್ಳಾಗಲ್ಲ, ಮುದುಕಿ ಮ್ಯಾಲೆ ಸಿಟ್ಟು ಹೆಚ್ಚಾಗತೈತಿ. ನಾನು ಗುಮಾಸ್ತ. ನಾನು ಕೂಡೋ ಕೋಣೆಯಲ್ಲೇ ಮೂರು ಕುರ್ಚಿ ಖಾಲಿ ಬಿದ್ದು ವರ್ಷಗಳಾದವು. ಆ ಕುರ್ಚಿಗೆ ಮಾಟ ಮಾಡಿದವರು ಯಾರು? ಆ ಹೆಸರು ಹೇಳಿ ಉಪ್ಪು ಸುಡೋರು ಯಾರೂ ಇಲ್ಲ.

ನನಗ ಇದು ಬರೀ ಸಿದ್ಧಾಂತದ ಮಾತಲ್ಲ. ಬೀದರ್, ಕಲಬುರಗಿ ಕಡೆ ಭಾನಾಮತಿ ಅಂತಾರ, ನಮ್ಮ ಬೇವೂರು ಕಡೆ ಮದ್ದು ಹಾಕೋದು ಅಂತಾರ. ಅಪ್ಪ ಸತ್ತ ಮ್ಯಾಲೆ ನಮ್ಮವ್ವಗ ಆ ಹೆಸರು ಬಂತು. ನೆರೆಮನಿ ಕೂಸು ಜ್ವರ ಬಂದು ಸತ್ತಿತ್ತು, ಅಷ್ಟೇ. ಊರವರು ಜಾತಿ ಅಂತ ನಮ್ಮನಿ ನೀರು ಕುಡೀಲಿಲ್ಲ. ಕೇರಿಯವರು ಮದ್ದು ಅಂತ ಕುಡೀಲಿಲ್ಲ. ಅವ್ವ ಬಂದವರಿಗೆಲ್ಲ ಚಹಾ ಕಾಸೋಳು. ಕಪ್ಪು ಹಂಗ ಆರಿ ಕೆನಿಗಟ್ಟತಿತ್ತು. ಊರವರ ಮೇಲೆ ಹೋರಾಡೋಕೆ ನನಗ ಬಾಬಾಸಾಹೇಬರು ಸಿಕ್ಕರು. ಕೇರಿಯವರ ಮೇಲೆ ಹೋರಾಡೋಕೆ ಇವತ್ತಿಗೂ ಧೈರ್ಯ ಸಾಲವಲ್ದು.

ಕಾನೂನು ಇಲ್ಲೇನು ಅಂತೀರಿ. ಐತಿ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯೋ 2017ರ ಕಾಯ್ದೆ, 2020ರ ಜನವರಿಯಿಂದ ಜಾರಿಯಲ್ಲಿದೆ. 1ರಿಂದ 7 ವರ್ಷ ಜೈಲು, 5 ಸಾವಿರದಿಂದ 50 ಸಾವಿರ ರೂಪಾಯಿ ದಂಡ. ಹಾವು ಕಚ್ಚಿದವರನ್ನ ಆಸ್ಪತ್ರೆಗೆ ಬಿಡದೆ ಮಂತ್ರ ಹಾಕೋದೂ ಅಪರಾಧ. ಆದರ ಜ್ಯೋತಿಷ್ಯ, ವಾಸ್ತು ಅದರಿಂದ ಹೊರಗೆ! ಅದಕ್ಕೇ ಫೋನಿನ ಸ್ವಾಮಿ ತನ್ನನ್ನ ಮಾಂತ್ರಿಕ ಅನ್ನಲ್ಲ, ಜ್ಯೋತಿಷಿ ಅಂತಾನೆ. ಪಕ್ಕದ ಮಹಾರಾಷ್ಟ್ರದಲ್ಲಿ ಇಂಥದೇ ಕಾಯ್ದೆಗಾಗಿ ವರ್ಷಗಟ್ಟಲೆ ದುಡಿದ ದಾಭೋಲ್ಕರ್ ಅವರನ್ನ 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದರು. ಅವರ ಹೆಣ ಬಿದ್ದ ಮೇಲೇ ಅಲ್ಲಿ ಸರ್ಕಾರ ಎಚ್ಚೆತ್ತಿದ್ದು.

ಕೆಲವು ಗೆಳೆಯರು 'ಇದು ನಮ್ಮ ಅವೈದಿಕ ಪರಂಪರೆ, ಟೀಕೆ ಮಾಡಬ್ಯಾಡ' ಅಂತಾರೆ. ದುರ್ಗವ್ವಗ ಹೋಳಿಗೆ ಎಡಿ ಕೊಡ್ರಿ, ನನ್ನ ತಕರಾರಿಲ್ಲ. ಆದರ ಒಬ್ಬ ಒಂಟಿ ಹೆಂಗಸಿನ ಹೆಸರು ಸುಡೋದು ಯಾವ ಪರಂಪರೆ? ಅಮೆರಿಕ, ಇಂಗ್ಲೆಂಡಿನಾಗ 'ನಾನು ಮಾಟಗಾತಿ' ಅಂತ ಹೆಮ್ಮೆಯಿಂದ ಹೇಳ್ಕೊಂಡು ದಿನಾ ಮೇಣದಬತ್ತಿ ಹಚ್ಚೋರು ಅದಾರ. ಅವರು ತಾವಾಗಿ ಇಟ್ಟುಕೊಂಡ ಹೆಸರದು. ನಮ್ಮವ್ವಗ ಬೇರೆಯವರು ಇಟ್ಟ ಹೆಸರು. ಈ ಹೆಸರಿಟ್ಟು ಹೆಂಗಸರನ್ನ ಕೊಲ್ತಾರ ಅಂತಲೇ ಬಿಹಾರ 1999ರಲ್ಲಿ, ಜಾರ್ಖಂಡ್ 2001ರಲ್ಲಿ ಕಾಯ್ದೆ ಮಾಡಬೇಕಾತು.

ಈಗ ನಮ್ಮ ಮಾತು. ಡಿಸೆಂಬರ್ 6ಕ್ಕೆ ಬೆಳಗಾವಿಯ ಸ್ಮಶಾನದಲ್ಲಿ ಮಾನವ ಬಂಧುತ್ವ ವೇದಿಕೆಯವರು ಪರಿವರ್ತನಾ ದಿನ ಮಾಡ್ತಾರೆ, ಊಟಾನೂ ಅಲ್ಲೇ. ಒಳ್ಳೇದು. ಏಪ್ರಿಲ್ 14ಕ್ಕೆ ನಾವು ಡಿಜೆ ಹಚ್ತೀವಿ. ಮರುದಿನ? ಸ್ವಾಮಿ ಮಾತ್ರ ನಸುಕಿಗೇ ನಮ್ಮ ಅಕ್ಕನ ಫೋನಿನಾಗ ಹಾಜರ್. ಅವರದು ದಿನಚರಿ, ನಮ್ಮದು ದಿನಾಚರಣೆ. ಹಿಂಗಾದ್ರ ಗೆಲ್ಲೋರು ಯಾರು?

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು 22 ಪ್ರತಿಜ್ಞೆ ಕೊಟ್ಟಿದ್ದು ಒಂದು ದಿನಕ್ಕಲ್ಲ, ದಿನಾ ಬದುಕೋಕೆ. ನಮಗೂ ಒಂದು ದಿನಚರಿ ಬೇಕು. ಬೆಳಿಗ್ಗೆ ಮಕ್ಕಳ ಜೊತೆ ಸಂವಿಧಾನದ ಪೀಠಿಕೆ. ಜ್ವರ ಬಂದ್ರ ಮೊದಲು ಡಾಕ್ಟರು. ಯಾರಿಗಾದ್ರೂ ಮಾಟಗಾತಿ ಅಂದ್ರ ಅವತ್ತೇ ಅವರ ಮನಿಗೆ ಹೋಗಿ ಕೂಡೋದು.

ಅಕ್ಕನ 48 ದಿನ ಇನ್ನೂ ಮುಗಿದಿಲ್ಲ. ಬರೋ ಭಾನುವಾರ ನಾನು ಆ ಮುದುಕಿ ಮನಿಗೆ ಚಹಾ ಕುಡಿಯೋಕೆ ಹೊಂಟೀನಿ. ಕೇರಿಯವರೆಲ್ಲ ನೋಡುವಂಗ ಕಟ್ಟಿ ಮ್ಯಾಲೆ ಕೂತು ಕುಡೀತೀನಿ. ಅಕ್ಕನ್ನೂ ಕರೆದೀನಿ, ಇನ್ನೂ ಹೂಂ ಅಂದಿಲ್ಲ.

ಯಾರು ಬರ್ತೀರಿ?

ಜೈ ಭೀಮ್. ಜೈ ಸಂವಿಧಾನ.