ಮನೆಗೆ ಮರಳಿದ ಮಾಸ್ತರರು

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು—ಈ ನಾಲ್ಕು ತಾಲೂಕುಗಳ ಕನ್ನಡ ಶಾಲೆಗಳಲ್ಲಿಯೇ ನಮ್ಮ ತೀರ್ಥರೂಪರ ಸೇವೆಯೆಲ್ಲ ಕಳೆಯಿತು. ಅವರು ಕೆಲಸಕ್ಕೆ ಸೇರಿದಾಗ ಇವು ಧಾರವಾಡ ಜಿಲ್ಲೆಗೆ ಸೇರಿದ್ದವು. ಹಾವೇರಿ ಜಿಲ್ಲೆಯಾದುದು 1997ರಲ್ಲಿ. ವರ್ಗದ ಆದೇಶ ಬಂದಾಗಲೆಲ್ಲ ಅವರ ಟ್ರಂಕು ಹೋಗುತ್ತಿತ್ತೇ ಹೊರತು ಸಂಸಾರವಲ್ಲ. ಶನಿವಾರ ಸಂಜೆ ಬಂದು ಸೋಮವಾರ ನಸುಕಿಗೆ ಹೊರಡುವ ಅತಿಥಿಯೊಬ್ಬರನ್ನು ನಾವು ಅಪ್ಪ ಎಂದು ಕರೆಯುತ್ತಿದ್ದೆವು.

ಬೀಳ್ಕೊಡುಗೆಯ ದಿನ ಶಾಲು, ಹಾರ, ಫಲತಾಂಬೂಲಗಳಾದವು. ಭಾಷಣಕಾರರೆಲ್ಲ ‘ಇನ್ನು ವಿಶ್ರಾಂತಿ’ ಎಂದರು. ನಮ್ಮ ಸೀಮೆಯ ಅನುಭವ ಹಾಗೆ ಹೇಳುವುದಿಲ್ಲ. ಶಿಗ್ಗಾವಿ ತಾಲೂಕಿನ ಬಾಡದ ನಾಯಕನು ಅಧಿಕಾರವನ್ನು ತೊರೆದ ಮೇಲೆಯೇ ಕನಕದಾಸನಾದನೆಂದು ಐತಿಹ್ಯ. ಅದೇ ತಾಲೂಕಿನ ಶಿಶುನಾಳದ ಷರೀಫರು (1819–1889) ಶಾಲೆಯ ಕೆಲಸವನ್ನು ಬಿಟ್ಟು ತತ್ತ್ವಪದಗಳ ದಾರಿ ಹಿಡಿದರು. ನಿವೃತ್ತಿ ಎಂಬ ಸಂಸ್ಕೃತ ಪದಕ್ಕೆ ಹಿಂತಿರುಗುವುದು ಎಂಬ ಅರ್ಥವೂ ಉಂಟಷ್ಟೆ!

ಅಪ್ಪ ಹಿಂತಿರುಗಿದ್ದು ತಾವಿಲ್ಲದೆ ನಡೆಯಲು ಕಲಿತಿದ್ದ ಮನೆಗೆ. ನೀರಿನ ತಂಬಿಗೆ ಎಲ್ಲಿದೆಯೆಂದು ಅವರು ಮೊದಲ ವಾರ ಕೇಳಿದಾಗ ಅವ್ವ ನಕ್ಕಳು. ನನಗೆ ನಗು ಬರಲಿಲ್ಲ. ಸನ್ಮಾನ ಸಮಾರಂಭಗಳನ್ನು ಏರ್ಪಡಿಸುವವರು ಇನ್ನುಮುಂದೆ ಮನೆಯೊಡತಿಯ ಬಾಯಿಂದಲೂ ಎರಡು ಮಾತು ಕೇಳುವುದು ಲೇಸು. ಆ ಮೂವತ್ತು ವರುಷಗಳ ಲೆಕ್ಕ ಇಲಾಖೆಯ ಸೇವಾಪುಸ್ತಕದಲ್ಲಿ ಅರ್ಧ ಮಾತ್ರ ಇರುತ್ತದೆ.

ಈಗ ಸಂಜೆ ದೀಪ ಹಚ್ಚಿದೊಡನೆ ಅಪ್ಪ ಮೊಮ್ಮಗಳನ್ನು ಎದುರಿಗೆ ಕೂಡಿಸಿಕೊಂಡು ಮಗ್ಗಿ ಹೇಳಿಸುತ್ತಾರೆ. ಅವಳು ತಪ್ಪಿದರೆ ಗದರುವುದಿಲ್ಲ, ಮೊದಲಿನಿಂದ ತಾವೇ ಹೇಳುತ್ತಾರೆ. ಕಾಲೇಜಿನಲ್ಲಿ ಪಾಠ ಹೇಳಿ ಬಂದ ನಾನು ಬಾಗಿಲ ಬಳಿ ನಿಂತು ಕೇಳುತ್ತೇನೆ. ನನಗೆ ಮಗ್ಗಿ ಕಲಿಸಿದವರು ಬೇರೆ ಮಾಸ್ತರರು.