ತಯಾರಾದದ್ದು ಯಾರ ಕೈ ಸೇರುತ್ತದೆ?

ಮಲ್ಲೇಶ್ವರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಬೆಂಗಳೂರಿನ ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಭಾರತ-ಇಸ್ರೇಲ್ ಉದ್ಯಮ ಸಮ್ಮೇಳನ ನಿಗದಿಯಾಗಿತ್ತು. ರಕ್ಷಣಾ ಉದ್ಯಮವೂ ಅದರ ವಿಷಯಗಳಲ್ಲಿತ್ತು. ಇದಕ್ಕೆ ಜಾಗ ಕೊಡಬೇಡಿ ಎಂದು ಸಾವಿರಕ್ಕೂ ಹೆಚ್ಚು ಅಧ್ಯಾಪಕರು, ವಿದ್ಯಾರ್ಥಿಗಳು ಸಂಸ್ಥೆಯ ನಿರ್ದೇಶಕರಿಗೆ ಪತ್ರ ಬರೆದರು. ಅದೇ ವರ್ಷ ಜನವರಿ 26ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವು, ಗಾಝಾದಲ್ಲಿ ನರಮೇಧದ ಕೃತ್ಯಗಳು ನಡೆಯದಂತೆ ಕ್ರಮ ಕೈಗೊಳ್ಳಬೇಕೆಂದು ಇಸ್ರೇಲಿಗೆ ಆದೇಶ ಕೊಟ್ಟಿತ್ತು.

ಪತ್ರದ ಸುದ್ದಿ ಎರಡು ದಿನ ಬಂತು, ಹೋಯಿತು. ಆದರೆ ನಮ್ಮ ಮನೆಗಳಿಗೂ ಅದಕ್ಕೂ ಸಂಬಂಧ ಉಂಟು. ಗಲ್ಫಿನ ದುಡಿಮೆಯಲ್ಲಿ ಮಕ್ಕಳನ್ನು ಇಂಜಿನಿಯರಿಂಗ್ ಓದಿಸುವ ಸಮುದಾಯ ನಮ್ಮದು. ಸೀಟು ಎಲ್ಲಿ, ಫೀಸು ಎಷ್ಟು, ಪ್ಲೇಸ್‌ಮೆಂಟ್ ಹೇಗೆ, ಇಷ್ಟನ್ನೆಲ್ಲ ವಿಚಾರಿಸುತ್ತೇವೆ. ಕಾಲೇಜಿನೊಂದಿಗೆ ಒಪ್ಪಂದ ಮಾಡಿಕೊಂಡ ಕಂಪೆನಿ ಏನು ತಯಾರಿಸುತ್ತದೆ, ಯಾರಿಗೆ ಮಾರುತ್ತದೆ ಎಂದು ಕೇಳುವವರು ಎಷ್ಟು ಮಂದಿ?

ದೇಶಕ್ಕೆ ಸೇನೆ ಬೇಡವೇ ಎಂದು ಕೂಡಲೇ ಕೇಳುವವರಿದ್ದಾರೆ. ಬೇಕು. ಬೆಂಗಳೂರು ಬೆಳೆದದ್ದೇ ಹಾಗೆ. 1940ರಲ್ಲಿ ಇಲ್ಲಿ ವಿಮಾನ ಕಾರ್ಖಾನೆ ಬಂತು, 1942ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ವಿಭಾಗ ಶುರುವಾಯಿತು. ಅಬ್ದುಲ್ ಕಲಾಂ ಸಾಹೇಬರು ಕೂಡ ಇದೇ ಊರಿನ ರಕ್ಷಣಾ ಪ್ರಯೋಗಾಲಯದಲ್ಲಿ ದುಡಿದವರು. ಮುಂದೆ ಕ್ಷಿಪಣಿಗೆಂದು ಸಿದ್ಧಪಡಿಸಿದ ಹಗುರ ವಸ್ತುವಿನಿಂದಲೇ ಅವರ ತಂಡ ಪೋಲಿಯೋ ಮಕ್ಕಳಿಗೆ ಕಾಲಿನ ಆಧಾರಪಟ್ಟಿ ಮಾಡಿತು. ಮೂರು ಕಿಲೋ ಭಾರ 300 ಗ್ರಾಂಗೆ ಇಳಿಯಿತು. ಒಂದೇ ವಸ್ತು, ಅದು ಯಾವ ಕೈಗೆ ಹೋಯಿತು ಎಂಬುದೇ ವ್ಯತ್ಯಾಸ.

ಶಾಫಿಈ ಕರ್ಮಶಾಸ್ತ್ರ ಹಿಡಿದಿರುವುದೂ ಇದನ್ನೇ. ದರ್ಸ್‌ನಲ್ಲಿ ವ್ಯಾಪಾರದ ಅಧ್ಯಾಯ ಓದಿದ ಯಾವ ಮುತಅಲ್ಲಿಮನಿಗೂ ಗೊತ್ತಿರುವ ವಿಷಯ: ದ್ರಾಕ್ಷಿ ಹಲಾಲ್, ದ್ರಾಕ್ಷಿ ಮಾರುವುದೂ ಹಲಾಲ್. ಆದರೆ ಕೊಳ್ಳುವವನು ಮದ್ಯ ಮಾಡುತ್ತಾನೆ ಎಂದು ಗೊತ್ತಿದ್ದರೆ ಮಾರುವುದು ಹರಾಮ್, ಬರೀ ಸಂಶಯವಿದ್ದರೆ ಕರಾಹತ್. ದಾರಿಗಳ್ಳನಿಗೆ ಆಯುಧ ಮಾರುವುದನ್ನೂ ಇಮಾಮರು ಇದೇ ಸಾಲಿಗೆ ಸೇರಿಸಿದ್ದಾರೆ. ಕತ್ತಿ ತಯಾರಿಸುವುದು ತಪ್ಪು ಎಂದು ಅವರು ಹೇಳಲಿಲ್ಲ. ಕೊಳ್ಳುವವನು ಯಾರೆಂದು ತಿಳಿದೂ ‘ನಾನು ಬರೀ ವ್ಯಾಪಾರಿ’ ಎನ್ನುವ ನೆಪವನ್ನು ಮಾತ್ರ ಒಪ್ಪಲಿಲ್ಲ. ‘ನಾವು ಬರೀ ಸಂಶೋಧಕರು’, ‘ನಾವು ಸಭಾಂಗಣ ಮಾತ್ರ ಕೊಟ್ಟದ್ದು’ ಎನ್ನುವ ವಿಶ್ವವಿದ್ಯಾಲಯಕ್ಕೂ ಈ ಅಳತೆ ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ಸಭಾಂಗಣ ಕೊಡುವುದೂ ಜೊತೆಗೂಡಿ ಸಂಶೋಧನೆ ಮಾಡುವುದೂ ಒಂದೇ ತೂಕದ್ದಲ್ಲ, ನಿಜ. ಆದರೆ ದೊಡ್ಡ ವಿದ್ಯಾಸಂಸ್ಥೆಯ ವಿಳಾಸ ಸಿಕ್ಕಿದರೆ ವ್ಯಾಪಾರಕ್ಕೆ ಒಂದು ಗೌರವ ಬರುತ್ತದಲ್ಲ, ಅದಕ್ಕೂ ಬೆಲೆ ಉಂಟು.

ಈ ಅಳತೆ ಇಸ್ರೇಲಿಗೆ ಮಾತ್ರ ಎಂದಾದರೆ ಅದು ನ್ಯಾಯ ಆಗುವುದಿಲ್ಲ. 2018ರ ಆಗಸ್ಟ್ 9ರಂದು ಯಮನ್‌ನ ಸಅದಾ ಪ್ರಾಂತ್ಯದಲ್ಲಿ ಮಕ್ಕಳಿದ್ದ ಶಾಲಾ ಬಸ್ಸಿನ ಮೇಲೆ ಬಾಂಬು ಬಿತ್ತು. 40 ಮಕ್ಕಳು ಸತ್ತರು. ಬಾಂಬು ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ಕಂಪೆನಿಯದ್ದೆಂದು ಸಿಎನ್‌ಎನ್ ವರದಿ ಮಾಡಿತು. ಹಾಕಿದ್ದು ಸೌದಿ ನೇತೃತ್ವದ ಒಕ್ಕೂಟ. ಸತ್ತವರೂ ಮುಸ್ಲಿಮರು, ಹಾಕಿದವರೂ ಮುಸ್ಲಿಮರು. ಅಂದು ನಮ್ಮಲ್ಲಿ ಎಷ್ಟು ಭಾಷಣ ನಡೆಯಿತು? ನಮ್ಮ ಅನ್ನದ ದಾರಿ ಅಲ್ಲಿದೆ ಎಂಬ ಸಂಕೋಚ ಅರ್ಥವಾಗುತ್ತದೆ, ಒಪ್ಪಲು ಆಗುವುದಿಲ್ಲ.

ಇನ್ನೊಂದು ಹೆದರಿಕೆ ಇದಕ್ಕಿಂತ ದೊಡ್ಡದು. ನಮ್ಮ ಹುಡುಗ ಇಂಥ ಪತ್ರಕ್ಕೆ ಸಹಿ ಹಾಕಿದರೆ ಅವನ ಹೆಸರು ನೋಡಿಯೇ ದೇಶಭಕ್ತಿಯನ್ನು ಅಳೆಯುತ್ತಾರೆ ಎಂದು ತಂದೆತಾಯಿ ಹೆದರುತ್ತಾರೆ. ಸುಳ್ಳು ಹೆದರಿಕೆ ಅಲ್ಲ ಅದು. ಹಾಗಾಗಿ ಓದುವ ಮಕ್ಕಳ ತಲೆಗೆ ಈ ಭಾರ ಕಟ್ಟಬೇಡಿ, ದೊಡ್ಡವರೇ ಕೇಳಿ. ಈ ಪ್ರಶ್ನೆ ಒಂದು ಧರ್ಮದವರದ್ದೂ ಅಲ್ಲ. ಜಪಾನಿನ ವಿಜ್ಞಾನ ಮಂಡಳಿ 1950ರಲ್ಲೇ ಯುದ್ಧಕ್ಕಾಗಿ ಸಂಶೋಧನೆ ಮಾಡುವುದಿಲ್ಲ ಎಂದು ಘೋಷಿಸಿತ್ತು. ವಿಯೆಟ್ನಾಂ ಯುದ್ಧದ ಕಾಲದ ವಿದ್ಯಾರ್ಥಿ ಪ್ರತಿಭಟನೆಗಳ ನಂತರ ಅಮೆರಿಕದ ಎಂಐಟಿ, ಕ್ಷಿಪಣಿಗಳಿಗೆ ದಿಕ್ಕು ತೋರಿಸುವ ಉಪಕರಣ ಮಾಡುತ್ತಿದ್ದ ತನ್ನ ಡ್ರೇಪರ್ ಪ್ರಯೋಗಾಲಯವನ್ನು 1973ರಲ್ಲಿ ಬೇರ್ಪಡಿಸಿತು. ಡ್ರೇಪರ್ ಕೆಲಸ ನಿಲ್ಲಿಸಲಿಲ್ಲ, ವಿಶ್ವವಿದ್ಯಾಲಯದ ಹೆಸರು ಮಾತ್ರ ಅದರಿಂದ ಹೊರಬಂತು. ಅಷ್ಟರಿಂದ ಯುದ್ಧ ನಿಲ್ಲುತ್ತದೆಯೇ ಎಂದರೆ, ಇಲ್ಲ.

ಬೆಂಗಳೂರಾಗಲಿ ಮಂಗಳೂರಾಗಲಿ, ಪ್ರವೇಶದ ದಿನ ಕಾಲೇಜಿನಲ್ಲಿ ವಿಚಾರಿಸಲು ಯಾವ ಚಳವಳಿಯೂ ಬೇಡ. ಒಪ್ಪಂದ ಯಾರ ಜೊತೆ, ಫಲಿತಾಂಶದ ಹಕ್ಕು ಯಾರದ್ದು, ಅದನ್ನು ಬಹಿರಂಗವಾಗಿ ಪ್ರಕಟಿಸಬಹುದೇ, ಇಷ್ಟು ಕೇಳಿದರೆ ಸಾಕು. ಡ್ರೋನ್ ಆಗಲಿ, ಮುಖ ಗುರುತಿಸುವ ಕ್ಯಾಮೆರಾ ಆಗಲಿ, ಮನಸ್ಸು ಒಪ್ಪದ ಪ್ರಾಜೆಕ್ಟನ್ನು ಮಗಳು ಬೇಡ ಎಂದರೆ, ಮಾರ್ಕು ಕಡಿಮೆ ಮಾಡದೆ ಬೇರೆಯದನ್ನು ಕೊಡುತ್ತೀರಾ ಎಂದೂ ಕೇಳಿ. ಅದನ್ನು ಬರಹದಲ್ಲೇ ಪಡೆಯಿರಿ.